ಪಟ್ಟಿಯಲ್ಲಿ ಹೆಸರಿತ್ತು, ಬಾಗಿಲು ತೆರೆಯಲಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಗೆ ಬರುವ ಓದುಗರ ಪತ್ರಗಳಲ್ಲಿ ಒಂದು ದೂರು ಆಗಾಗ ಕಣ್ಣಿಗೆ ಬೀಳುತ್ತದೆ: ಕಚೇರಿಗೆ ಹೋದೆವು, ‘ಸರ್ವರ್ ತೊಂದರೆ, ನಾಳೆ ಬನ್ನಿ’ ಎಂದು ಕಳಿಸಿದರು. ಬರೆದವರ ಸಿಟ್ಟು ನ್ಯಾಯವಾದದ್ದು. ಒಂದು ದಿನದ ಕೆಲಸ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಬಂದವರಿಗೆ ಅದು ಉತ್ತರವೇ ಅಲ್ಲ. ನಾನು ಕೌಂಟರಿನ ಆಚೆ ಬದಿಯವಳು. ಹಾಸನದ ಒಂದು ಕಾಫಿ ಕ್ಯೂರಿಂಗ್ ಸಂಸ್ಥೆಯಲ್ಲಿ 17 ವರ್ಷಗಳಿಂದ ಸರ್ವರ್ ನೋಡಿಕೊಳ್ಳುತ್ತಿದ್ದೇನೆ. ‘ಸರ್ವರ್ ತೊಂದರೆ’ ಎಂಬ ಮಾತಿನ ಒಳಗೆ ಏನಿರುತ್ತದೆ ಎಂದು ಒಮ್ಮೆ ಬಿಡಿಸಿ ಬರೆಯಬೇಕೆನಿಸಿದ್ದು ಕಳೆದ ಫೆಬ್ರವರಿಯಲ್ಲಿ, ಸಕಲೇಶಪುರದ ಕಡೆಯ ನಮ್ಮ ಶಾಖೆಯಲ್ಲಿ ಒಬ್ಬ ಹುಡುಗಿಯ ಕೈಗೆ ಮೆಮೊ ಬಂದಾಗ. ಆ ಮೆಮೊಗೆ ಕಾರಣವಾದ ತಪ್ಪು ಅವಳದ್ದಲ್ಲ. ಅದರಲ್ಲಿ ನನ್ನ ಪಾಲೇ ದೊಡ್ಡದು. ಹಾಗಾಗಿ ಈ ಪತ್ರ.

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ. ಬೆಳೆಗಾರರು ಒಣಗಿಸಿದ ಚೆರಿಯನ್ನು, ಅಂದರೆ ಕಾಫಿ ಹಣ್ಣನ್ನು, ಮೂಟೆ ಕಟ್ಟಿ ನಮ್ಮಲ್ಲಿಗೆ ತರುತ್ತಾರೆ. ತೂಕ ಮಾಡಿ, ತೇವಾಂಶ ನೋಡಿ, ಸ್ಯಾಂಪಲ್ ತೆಗೆದು ಸಿಪ್ಪೆ ಬಿಡಿಸಿದ ಮೇಲೆ 50 ಕಿಲೋ ಚೆರಿಗೆ ಎಷ್ಟು ಕಿಲೋ ಬೀಜ ಬಂತು ಎಂದು ಲೆಕ್ಕ ಹಾಕುತ್ತೇವೆ. ಅದೇ ಔಟ್‌ಟರ್ನ್. ವ್ಯಾಪಾರಿ ದರ ಹೇಳುವುದು ಆ ಅಂಕಿಯ ಮೇಲೆ. ಆ ಅಂಕಿ ಬರೆದ ಚೀಟಿ ಕೈಗೆ ಬರುವವರೆಗೆ ಸಣ್ಣ ಬೆಳೆಗಾರ ಮಾರಲಾರ, ಕೊಯ್ಲಿನವರ ಬಟವಾಡೆ ಮಾಡಲಾರ. ಫೆಬ್ರವರಿ ಎಂದರೆ ರೋಬಸ್ಟಾ ಕೊಯ್ಲಿನ ನಟ್ಟನಡುವೆ. ನಮ್ಮಪ್ಪ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಶನಿವಾರದ ಸಂಬಳಕ್ಕೆ ದುಡ್ಡು ಸಾಲದೆ ಹೋದಾಗ ಲೈನ್ ಮನೆಗಳ ಮುಂದೆ ಅವರು ತಲೆ ತಗ್ಗಿಸಿ ನಡೆಯುತ್ತಿದ್ದುದನ್ನು ನೋಡಿ ಬೆಳೆದವಳು ನಾನು. ಆ ಚೀಟಿಗೆ ಎಷ್ಟು ಬೆಲೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಸೋಮವಾರ ಬೆಳಿಗ್ಗೆ ಶಾಖೆಯ ಮ್ಯಾನೇಜರ್ ಫೋನ್ ಮಾಡಿದರು. ಔಟ್‌ಟರ್ನ್ ಸೆಕ್ಷನ್ನಿನಲ್ಲಿದ್ದವರು ರಜೆ ಹಾಕಿದ್ದಾರೆ, ಗೋಡೌನ್ ಸೆಕ್ಷನ್ನಿನ ಹುಡುಗಿಯನ್ನು ಅಲ್ಲಿ ಕೂರಿಸಿದ್ದೇವೆ, ಅವಳಿಗೆ ಫೋಲ್ಡರ್ ಕೊಡಿ ಎಂದರು. ನಾವು ಒಬ್ಬೊಬ್ಬರ ಹೆಸರಿಗೆ ಫೋಲ್ಡರ್ ಬರೆದುಕೊಡುವುದಿಲ್ಲ. ಸೆಕ್ಷನ್ನಿಗೊಂದು ಗುಂಪು ಇರುತ್ತದೆ, ಹಕ್ಕು ಇರುವುದು ಗುಂಪಿಗೆ. ಯಾರನ್ನು ಗುಂಪಿಗೆ ಸೇರಿಸುತ್ತೇವೋ ಅವರಿಗೆ ಬಾಗಿಲು ತೆರೆಯುತ್ತದೆ, ತೆಗೆದರೆ ಮುಚ್ಚುತ್ತದೆ. ಹಾಸನದಲ್ಲಿ ಕೂತು 10 ಗಂಟೆ 20 ನಿಮಿಷಕ್ಕೆ ಅವಳ ಹೆಸರನ್ನು ಔಟ್‌ಟರ್ನ್ ಗುಂಪಿಗೆ ಸೇರಿಸಿದೆ. ಒಂದು ನಿಮಿಷದ ಕೆಲಸ. ‘ಆಯ್ತು ಸರ್’ ಎಂದೆ.

ಕಾಲು ಗಂಟೆಗೆ ಅವಳ ಫೋನು. ‘ಮೇಡಂ, ತೆರೀತಿಲ್ಲ. ಆಕ್ಸೆಸ್ ಡಿನೈಡ್ ಅಂತ ಬರ್ತಿದೆ.’ ನಾನು ನನ್ನ ಪರದೆ ನೋಡಿದೆ. ಪಟ್ಟಿಯಲ್ಲಿ ಅವಳ ಹೆಸರು ಇತ್ತು. ‘ಇದೆಯಲ್ಲಮ್ಮ, ಸರಿಯಾಗಿ ನೋಡು’ ಎಂದೆ.

‘ಸರಿಯಾಗಿ ನೋಡು’ ಎಂಬ ಆ ಮಾತನ್ನು ಮೂರು ದಿನಗಳಲ್ಲಿ ನಾನು ಅವಳಿಗೆ ಐದಾರು ಸಲ ಹೇಳಿರಬೇಕು.

ಅದೇ ಸೋಮವಾರ 11 ಗಂಟೆಯ ಹೊತ್ತಿಗೆ ರಸ್ತೆ ಕೆಲಸದವರ ಅಗೆತಕ್ಕೆ ಸಿಕ್ಕಿ ಕೇಬಲ್ ತುಂಡಾಗಿ, ಶಾಖೆಗೂ ಹಾಸನಕ್ಕೂ ಸಂಪರ್ಕ ತಪ್ಪಿತು. ನಮ್ಮ ಕಡೆ ಇದು ಹೊಸತಲ್ಲ. ಮಳೆಗಾಲದಲ್ಲಿ ಮರ ಬಿದ್ದು ಹೋಗುತ್ತದೆ, ಬೇಸಿಗೆಯಲ್ಲಿ ರಸ್ತೆ ಅಗೆದು ಹೋಗುತ್ತದೆ. ಶಾಖೆಯಲ್ಲಿ ಅದರದ್ದೇ ಒಂದು ಸರ್ವರ್ ಇರುವುದರಿಂದ ಅಲ್ಲಿಯ ಕೆಲಸ ನಿಲ್ಲಲಿಲ್ಲ. ಮಂಗಳವಾರ ಬೆಳಿಗ್ಗೆ ನಾನೇ ಅವಳಿಗೆ ಫೋನಿನಲ್ಲಿ ಹೇಳಿ ಪೂರ್ತಿ ಸೈನ್ ಔಟ್ ಮಾಡಿಸಿ ಮತ್ತೆ ಒಳಬರಲು ಹೇಳಿದೆ. ಹೇಳಿದಂತೆ ಮಾಡಿದಳು. ತೆರೆಯಲಿಲ್ಲ. ‘ಸೈನ್ ಔಟ್ ಮಾಡಿದರೂ ಆಗಲಿಲ್ಲ ಎಂದರೆ ಇವಳು ಬೇರೆ ಯಾವುದೋ ಫೋಲ್ಡರ್ ಒತ್ತುತ್ತಿದ್ದಾಳೆ’ ಎಂದು ನಾನು ತೀರ್ಮಾನಿಸಿಬಿಟ್ಟೆ. ಆ ದಿನ ಸಂಜೆ ಸಂಪರ್ಕ ಬಂತು. ಬುಧವಾರ ಮ್ಯಾನೇಜರ್ ಅವಳ ಕಂಪ್ಯೂಟರನ್ನು ಎರಡು ಸಲ ರೀಸ್ಟಾರ್ಟ್ ಮಾಡಿಸಿದರು. ಆಗಲೂ ತೆರೆಯಲಿಲ್ಲ. ಕೌಂಟರಿನ ಮುಂದೆ ಬೆಳೆಗಾರರು. ಅವರಲ್ಲಿ ಹೆತ್ತೂರು ಕಡೆಯ ಒಬ್ಬ ಹಿರಿಯರು ಮೂರು ದಿನವೂ ಬಸ್ಸಿನಲ್ಲಿ ಬಂದು ಹೋಗಿದ್ದರು. ‘ಏನವ್ವಾ, ಇವತ್ತಾದ್ರೂ ಚೀಟಿ ಸಿಕ್ಕುತ್ತಾ?’ ಎಂದು ಅವರು ಕೇಳಿದಾಗ ತನಗೆ ಅಳು ಬಂತು ಎಂದು ಹುಡುಗಿ ಆಮೇಲೆ ಹೇಳಿದಳು. ಬುಧವಾರ ಸಂಜೆ ಮೆಮೊ ಬಂತು: ವಹಿಸಿದ ಕೆಲಸದಲ್ಲಿ ಉದಾಸೀನ, ಕಂಪ್ಯೂಟರ್ ಜ್ಞಾನದ ಕೊರತೆ.

ಗುರುವಾರ ಬೆಳಿಗ್ಗೆ ನಾನು ಬಸ್ಸು ಹತ್ತಿದೆ. ಹಾಸನದಿಂದ ಸುಮಾರು 40 ಕಿಲೋಮೀಟರ್. ಪಾಳ್ಯ, ಬಾಳ್ಳುಪೇಟೆ ದಾಟುವಷ್ಟರಲ್ಲಿ ನನಗೆ ಅನುಮಾನ ಶುರುವಾಗಿತ್ತು. ಮೂರು ದಿನ ನಾನು ನೋಡಿದ್ದು ಹಾಸನದ ಸರ್ವರಿನ ಪಟ್ಟಿಯನ್ನು. ಅವಳು ಒಳಗೆ ಬರುತ್ತಿದ್ದುದು ಶಾಖೆಯ ಸರ್ವರಿನ ಮೂಲಕ. ಎರಡೂ ಒಂದೇ ಎಂದು ನಂಬಿ ಕೂತಿದ್ದೆ.

ಇಲ್ಲಿ ಸ್ವಲ್ಪ ನಿಂತು ಈ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ಹೇಳಬೇಕು. ಕಚೇರಿಗಳಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ. ಗೊತ್ತಿರಬೇಕಾದವರೂ ಮರೆಯುತ್ತಾರೆ, ನಾನೇ ಮರೆತಿದ್ದೆ.

ನಮ್ಮ ಕ್ಯೂರಿಂಗ್ ವರ್ಕ್ಸಿನ ಗೇಟನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಒಳಗೆ ಬರುವಾಗ ಗೇಟಿನವರು ರಿಜಿಸ್ಟರ್ ನೋಡಿ ಒಂದು ಚೀಟಿ ಬರೆದುಕೊಡುತ್ತಾರೆ ಎಂದಿಟ್ಟುಕೊಳ್ಳಿ: ಈಕೆ ಗೋಡೌನಿಗೆ ಹೋಗಬಹುದು, ತೂಕದ ಮನೆಗೆ ಹೋಗಬಹುದು. ಒಳಗಿನ ಪ್ರತಿಯೊಂದು ಬಾಗಿಲಿನಲ್ಲೂ ನೋಡುವುದು ಆ ಚೀಟಿಯನ್ನೇ, ಯಾರೂ ಮತ್ತೆ ಗೇಟಿನವರೆಗೆ ಓಡಿ ರಿಜಿಸ್ಟರ್ ನೋಡುವುದಿಲ್ಲ. 11 ಗಂಟೆಗೆ ರಿಜಿಸ್ಟರಿನಲ್ಲಿ ‘ಔಟ್‌ಟರ್ನ್ ಕೋಣೆಗೂ ಹೋಗಬಹುದು’ ಎಂದು ಸೇರಿಸಿದರೆ ರಿಜಿಸ್ಟರ್ ಸರಿಯಾಯಿತು, ಜೇಬಿನಲ್ಲಿರುವ ಚೀಟಿ ಹಳೆಯದೇ ಆಗಿ ಉಳಿಯಿತು. ಹೊಸ ಚೀಟಿ ಬೇಕೆಂದರೆ ಗೇಟಿನಿಂದ ಹೊರಗೆ ಹೋಗಿ ಮತ್ತೆ ಒಳಗೆ ಬರಬೇಕು.

ವಿಂಡೋಸ್ ಸರ್ವರಿನಲ್ಲಿ ಆಗುವುದೂ ಇದೇ. ನಾವು ಹೆಸರು, ಪಾಸ್‌ವರ್ಡ್ ಕೊಟ್ಟು ಒಳಬಂದ ಕ್ಷಣದಲ್ಲಿ ಯಾವ ಯಾವ ಗುಂಪಿನಲ್ಲಿದ್ದೇವೆ ಎಂಬುದು ಟೋಕನ್ ಎಂಬ ಚೀಟಿಯಲ್ಲಿ ದಾಖಲಾಗುತ್ತದೆ. ಆ ಸೆಷನ್, ಅಂದರೆ ಒಳಬಂದಾಗಿನಿಂದ ಸೈನ್ ಔಟ್ ಮಾಡುವವರೆಗಿನ ಅವಧಿ, ಮುಗಿಯುವವರೆಗೆ ಅದು ಬದಲಾಗುವುದಿಲ್ಲ. ಬೇರೆ ಸರ್ವರಿಗೆ ಹೋಗುವಾಗ ತೋರಿಸುವ ಟಿಕೆಟ್ ಇನ್ನೊಂದಿದೆ. ಅದನ್ನು ಕೊಡುವ ಪದ್ಧತಿಯ ಹೆಸರು ಕರ್ಬರೋಸ್. ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ್ದು, ಗ್ರೀಕ್ ಪುರಾಣದ ಮೂರು ತಲೆಯ ಕಾವಲು ನಾಯಿಯ ಹೆಸರು ಇಟ್ಟಿದ್ದಾರೆ. ವಿಂಡೋಸ್ 2000ರಿಂದ ಮೈಕ್ರೋಸಾಫ್ಟ್ ಇದನ್ನೇ ಬಳಸುತ್ತಿದೆ. ನಾವು ಬದಲಿಸದಿದ್ದರೆ ಒಳಬಂದಾಗ ಸಿಗುವ ಟಿಕೆಟ್ಟಿಗೆ 10 ಗಂಟೆ ಆಯಸ್ಸು. ಆ ಟಿಕೆಟ್ಟಿನಲ್ಲೂ ಗುಂಪುಗಳ ಪಟ್ಟಿ ಇರುತ್ತದೆ, ಕೊಟ್ಟ ಹೊತ್ತಿನಲ್ಲಿ ಇದ್ದಂತೆ. ಹೀಗೇಕೆ ಮಾಡಿದರು ಎಂದು ಕೇಳಿದರೆ, ಒಂದೊಂದು ಕಡತಕ್ಕೂ ಒಂದೊಂದು ಸಲ ಮುಖ್ಯ ಸರ್ವರನ್ನು ಕೇಳುತ್ತಾ ಕೂತರೆ ನೂರು ಜನರ ಕಚೇರಿ ನಡೆಯುವುದಿಲ್ಲ. ಇದು ಕೆಟ್ಟು ಹೋದದ್ದಲ್ಲ, ಕಟ್ಟಿದ್ದೇ ಹೀಗೆ.

ಇನ್ನು ರಿಜಿಸ್ಟರಿನ ಕಥೆ. ಹಾಸನದಲ್ಲೊಂದು, ಶಾಖೆಯಲ್ಲೊಂದು ಪ್ರತಿ ಇದೆ. ಒಂದೇ ಕಚೇರಿಯೊಳಗೆ ಎರಡು ಸರ್ವರ್ ಇದ್ದರೆ ಬದಲಾವಣೆಯ ಸುದ್ದಿ 15 ಸೆಕೆಂಡಿನಲ್ಲಿ ಪಕ್ಕದ ಸರ್ವರಿಗೆ ಹೊರಡುತ್ತದೆ. ಬೇರೆ ಊರು ಎಂದು ಗುರುತು ಮಾಡಿದ್ದರೆ ಲೆಕ್ಕವೇ ಬೇರೆ. ಮೊದಲಿನಿಂದ ಇಟ್ಟು ಬರುವ ಅಂತರ 180 ನಿಮಿಷ, ಅಂದರೆ ಮೂರು ಗಂಟೆಗೊಮ್ಮೆ ಒಂದು ಪಟ್ಟಿ ಇನ್ನೊಂದನ್ನು ನೋಡಿ ತಿದ್ದಿಕೊಳ್ಳುತ್ತದೆ. ಇದನ್ನು 15 ನಿಮಿಷದವರೆಗೆ ಇಳಿಸಬಹುದು. ನಮ್ಮಲ್ಲಿ ಹಿಂದೆ ಸಂಪರ್ಕದ ವೇಗ ಕಡಿಮೆಯಿದ್ದ ಕಾಲದಲ್ಲಿ 180 ಎಂದೇ ಬಿಟ್ಟಿದ್ದೆವು. ವೇಗದ ಸಂಪರ್ಕ ಬಂದ ಮೇಲೂ ನಾನು ಅದನ್ನು ಮುಟ್ಟಿರಲಿಲ್ಲ.

ಶಾಖೆಗೆ ಹೋಗಿ ಹುಡುಗಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ‘ನೀನು ದಿನಾ ಹೇಗೆ ಮಾಡ್ತೀಯೋ ಹಾಗೇ ಮಾಡು, ನಾನೇನೂ ಹೇಳಲ್ಲ’ ಎಂದೆ. ಅವಳು ಕಂಪ್ಯೂಟರ್ ಹಚ್ಚಿದಳು, ರಿಮೋಟ್ ಡೆಸ್ಕ್‌ಟಾಪ್ ತೆರೆದಳು. ನಮ್ಮ ಔಟ್‌ಟರ್ನ್ ತಂತ್ರಾಂಶ, ಅದರ ಫೋಲ್ಡರ್ ಎರಡೂ ಇರುವುದು ಶಾಖೆಯ ಒಂದು ಸರ್ವರಿನ ಒಳಗೆ, ಎಲ್ಲರೂ ತಮ್ಮ ಮೇಜಿನಿಂದ ಅದರೊಳಗೆ ಹೋಗಿ ಕೆಲಸ ಮಾಡುತ್ತಾರೆ. ಕಿಟಕಿ ತೆರೆದಾಗ ನಿನ್ನೆ ಸಂಜೆ ಅವಳು ಬಿಟ್ಟುಹೋಗಿದ್ದ ಗೋಡೌನ್ ಪಟ್ಟಿ ಹಾಗೇ ತೆರೆದುಕೊಂಡಿತ್ತು. ‘ಸಂಜೆ ಹೋಗುವಾಗ ಏನು ಒತ್ತುತ್ತೀಯ?’ ಎಂದು ಕೇಳಿದೆ. ಮೇಲಿನ ಮೂಲೆಯ ಗುಣಾಕಾರ ಚಿಹ್ನೆ ತೋರಿಸಿದಳು.

ಆ ಚಿಹ್ನೆ ಒತ್ತಿದರೆ ಕಿಟಕಿ ಮುಚ್ಚುತ್ತದೆ, ಸರ್ವರಿನೊಳಗಿನ ಸೆಷನ್ ಮುಗಿಯುವುದಿಲ್ಲ. ಅಲ್ಲಿ ಅವಳು ಇನ್ನೂ ಒಳಗೇ ಕೂತಿದ್ದಾಳೆ, ಹಳೆಯ ಚೀಟಿ ಹಿಡಿದುಕೊಂಡು. ಮೇಜಿನ ಮೇಲಿನ ಕಂಪ್ಯೂಟರನ್ನು ಎರಡಲ್ಲ, ಇಪ್ಪತ್ತು ಸಲ ರೀಸ್ಟಾರ್ಟ್ ಮಾಡಿದರೂ ಸರ್ವರಿನೊಳಗಿನ ಆ ಸೆಷನ್ನಿಗೆ ಅದರ ಗಾಳಿಯೂ ತಾಕುವುದಿಲ್ಲ. ಬುಧವಾರದ ರೀಸ್ಟಾರ್ಟ್ ಕೆಲಸ ಮಾಡದೆ ಹೋದದ್ದು ಇದಕ್ಕೆ.

ಕಪ್ಪು ಕಿಟಕಿ ತೆರೆದು ಒಂದು ಆದೇಶ ಕೊಟ್ಟೆ: ಹೂ ಆ್ಯಮ್ ಐ, ಒಂದು ಓರೆಗೆರೆ, ಗ್ರೂಪ್ಸ್. ‘ನಾನು ಯಾರು, ಯಾವ ಗುಂಪಿನವಳು’ ಎಂದು ಆ ಸೆಷನ್ನನ್ನೇ ಕೇಳುವ ಆದೇಶ ಅದು. ಉದ್ದ ಪಟ್ಟಿ ಬಂತು. ಗೋಡೌನ್ ಇತ್ತು. ಔಟ್‌ಟರ್ನ್ ಇರಲಿಲ್ಲ. ಆಮೇಲೆ ಶಾಖೆಯ ಸರ್ವರಿನ ಪಟ್ಟಿ ನೋಡಿದೆ. ಅಲ್ಲಿ ಅವಳ ಹೆಸರು ಬಂದು ಕೂತಿತ್ತು. ಸರ್ವರ್ ತಾನೇ ಬರೆದಿಡುವ ದಿನಚರಿ, ಈವೆಂಟ್ ಲಾಗ್, ಓದಿದಾಗ ಎಲ್ಲ ಸಾಲುಸಾಲಾಗಿ ಬಿಚ್ಚಿಕೊಂಡಿತು. ಸೋಮವಾರ ನಾನು ಹೆಸರು ಸೇರಿಸಿದ್ದು ಹಾಸನದ ಪಟ್ಟಿಗೆ. ಮಧ್ಯಾಹ್ನದ ಸರದಿಯಲ್ಲಿ ಅದು ಶಾಖೆಗೆ ಹೋಗಬೇಕಿತ್ತು, ಅಷ್ಟರಲ್ಲಿ ಕೇಬಲ್ ತುಂಡಾಯಿತು. ಮಂಗಳವಾರ ಬೆಳಿಗ್ಗೆ ಅವಳು ನನ್ನ ಮಾತಿನಂತೆ ಸರಿಯಾಗಿಯೇ ಸೈನ್ ಔಟ್ ಮಾಡಿ ಒಳಬಂದಾಗ ಶಾಖೆಯ ಸರ್ವರ್ ತನ್ನ ಹಳೆಯ ಪಟ್ಟಿ ನೋಡಿ ಹಳೆಯ ಚೀಟಿಯನ್ನೇ ಮತ್ತೆ ಬರೆದುಕೊಟ್ಟಿತು. ಸಂಜೆ ಸಂಪರ್ಕ ಬಂದ ಮೇಲೆ ಪಟ್ಟಿ ಸರಿಯಾಯಿತು. ಆಗ ‘ಇನ್ನೊಮ್ಮೆ ಸೈನ್ ಔಟ್ ಮಾಡು’ ಎಂದು ಅವಳಿಗೆ ಹೇಳಬೇಕಿದ್ದವಳು ನಾನು. ಹೇಳಲಿಲ್ಲ.

‘ಸೈನ್ ಔಟ್ ಮಾಡಮ್ಮ’ ಎಂದೆ. ಮಾಡಿದಳು. ಮತ್ತೆ ಒಳಬಂದಳು. ಫೋಲ್ಡರ್ ತೆರೆಯಿತು. ಎರಡು ನಿಮಿಷ ಆಗಿರಬಹುದು. ಅವಳು ಏನೂ ಮಾತಾಡದೆ ಮೊದಲ ಔಟ್‌ಟರ್ನ್ ಚೀಟಿ ಬರೆಯಲು ಕೂತಳು, ಹೆತ್ತೂರಿನ ಆ ಹಿರಿಯರದ್ದು.

ಇಂಥ ಹೊತ್ತಿನಲ್ಲಿ ಕಚೇರಿಗಳಲ್ಲಿ ಕೇಳುವ ಕೆಲವು ಸಲಹೆಗಳ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ‘ಜಿಪಿ ಅಪ್‌ಡೇಟ್ ಕೊಡಿ, ಸರಿಹೋಗುತ್ತೆ’ ಎಂದು ಅನುಭವಿಗಳೂ ಹೇಳುತ್ತಾರೆ. ಅದು ಕಚೇರಿಯ ನಿಯಮಗಳನ್ನು ಮತ್ತೆ ಓದಿಸುವ ಆದೇಶ, ಅವು ತಾವಾಗಿಯೇ ಸುಮಾರು 90 ನಿಮಿಷಕ್ಕೊಮ್ಮೆ ಓದಿಕೊಳ್ಳುತ್ತವೆ. ಬರೆದಾಗಿರುವ ಚೀಟಿಯಲ್ಲಿ ಅದರಿಂದ ಒಂದಕ್ಷರವೂ ಬದಲಾಗುವುದಿಲ್ಲ. ಇನ್ನು ಕೆಲವರು ಪರದೆ ಲಾಕ್ ಮಾಡಿ ತೆರೆದರೆ ಸಾಕು ಎನ್ನುತ್ತಾರೆ. ಅದನ್ನೂ ನಂಬಬೇಡಿ, ಸೈನ್ ಔಟ್ ಎಂದರೆ ಸೈನ್ ಔಟ್. ಅರ್ಧ ಕೆಲಸ ನಡೆಯುತ್ತಿದ್ದು ಹೊರಬರಲು ಸಾಧ್ಯವೇ ಇಲ್ಲ, ಬೇಕಾದ ಫೋಲ್ಡರ್ ಬೇರೆ ಸರ್ವರಿನಲ್ಲಿದೆ ಎಂದಾದರೆ ಕೆ-ಲಿಸ್ಟ್ ಪರ್ಜ್ ಎಂಬ ಆದೇಶದಿಂದ ಹಳೆಯ ಟಿಕೆಟ್ ಹರಿದುಹಾಕಿ, ಆ ಸರ್ವರಿನ ಜೊತೆಗಿನ ಹಳೆಯ ಸಂಪರ್ಕ ಕಡಿದು ಮತ್ತೆ ಜೋಡಿಸಬಹುದು. ಆಗ ಹೊಸ ಗುಂಪಿನ ಫೋಲ್ಡರ್ ತೆರೆಯುತ್ತದೆ. ಆದರೆ ‘ನಾನು ಯಾರು’ ಆದೇಶ ಕೊಟ್ಟರೆ ಅದು ಆಗಲೂ ಹಳೆಯ ಪಟ್ಟಿಯನ್ನೇ ತೋರಿಸುತ್ತದೆ, ಏಕೆಂದರೆ ಈ ಸೆಷನ್ನಿನ ಚೀಟಿ ಬದಲಾಗಿಲ್ಲ. ಇದನ್ನು ನೋಡಿ ಗೊಂದಲಪಟ್ಟವರನ್ನು ಕಂಡಿದ್ದೇನೆ.

ನಮ್ಮ ಫೀಲ್ಡ್ ಆಫೀಸರ್‌ಗಳ ಲ್ಯಾಪ್‌ಟಾಪಿನದ್ದು ಇನ್ನೊಂದು ಬಗೆ. ಮೂಡಿಗೆರೆ ಕಡೆಯ ತೋಟಗಳಲ್ಲಿ ಸಿಗ್ನಲ್ ಇಲ್ಲದ ಜಾಗದಲ್ಲೂ ಪಾಸ್‌ವರ್ಡ್ ಕೊಟ್ಟರೆ ಲ್ಯಾಪ್‌ಟಾಪ್ ಒಳಗೆ ಬಿಡುತ್ತದೆ, ಕಳೆದ ಸಲದ್ದನ್ನು ನೆನಪಿಟ್ಟುಕೊಂಡು. ಆಗ ಸಿಗುವುದು ಕಳೆದ ಸಲದ ಗುಂಪುಗಳೇ. ಅದೇ ಲ್ಯಾಪ್‌ಟಾಪನ್ನು ಮುಚ್ಚಿ, ಕಚೇರಿಗೆ ತಂದು ತೆರೆದು ‘ನನಗೆ ಇನ್ನೂ ಕೊಟ್ಟಿಲ್ಲ’ ಎನ್ನುತ್ತಾರೆ. ಕಚೇರಿಯ ನೆಟ್‌ವರ್ಕ್ ಸಿಕ್ಕಿದ ಮೇಲೆ ಒಮ್ಮೆ ಹೊರಬಂದು ಒಳಗೆ ಹೋಗಬೇಕು. ಕೆಲವು ಸಲ ಎರಡು ಬಾರಿ ಬೇಕಾಗುತ್ತದೆ, ಬೇಗ ಒಳಗೆ ಬಿಡುವ ಆತುರದಲ್ಲಿ ವಿಂಡೋಸ್ ನೆಟ್‌ವರ್ಕಿಗೆ ಕಾಯುವುದಿಲ್ಲ.

ತೂಕದ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಇಲ್ಲ, ಅದರ ಬದಲು ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆ ಇದೆ. ಅಲ್ಲಿ ಗುಂಪಿನ ಮಾಹಿತಿಯನ್ನು ತಂದು ಇಟ್ಟುಕೊಳ್ಳುವ ಎಸ್‌ಎಸ್‌ಎಸ್‌ಡಿ ಎಂಬ ತಂತ್ರಾಂಶದ ಕೆಲಸಗಾರ ಇದ್ದಾನೆ. ತಂದದ್ದನ್ನು ಮೊದಲಿನ ಲೆಕ್ಕದ ಪ್ರಕಾರ 5400 ಸೆಕೆಂಡು, ಅಂದರೆ ಒಂದೂವರೆ ಗಂಟೆ ಇಟ್ಟುಕೊಳ್ಳುತ್ತಾನೆ. ಅಲ್ಲೂ ಒಂದು ಮೋಸದ ಜಾಗವಿದೆ. ‘ಐಡಿ’ ಎಂಬ ಆದೇಶದ ಮುಂದೆ ಹೆಸರು ಬರೆದು ಕೇಳಿದರೆ ಪಟ್ಟಿಯಲ್ಲಿರುವ ಗುಂಪುಗಳನ್ನು ಹೇಳುತ್ತದೆ, ಹೆಸರು ಬರೆಯದೆ ಕೇಳಿದರೆ ಈ ಸೆಷನ್ನಿನ ಕೈಯಲ್ಲಿರುವ ಗುಂಪುಗಳನ್ನು ಹೇಳುತ್ತದೆ. ಒಂದೇ ಪರದೆಯಲ್ಲಿ ಎರಡು ಉತ್ತರ ಬೇರೆಬೇರೆ ಬಂದರೆ ರಿಜಿಸ್ಟರ್ ಸರಿಯಿದೆ, ಚೀಟಿ ಹಳೆಯದು ಎಂದು ಅರ್ಥ. ಹೀಗೆ ಎರಡನ್ನೂ ಕೇಳಿ ನೋಡುವ ರೂಢಿ ನನಗಿದ್ದಿದ್ದರೆ ಬುಧವಾರ ಬೆಳಿಗ್ಗೆಯೇ ಈ ಕಥೆ ಮುಗಿಯುತ್ತಿತ್ತು.

ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿರುವುದು ಇದರ ಇನ್ನೊಂದು ಮಗ್ಗುಲು. ಸೇರಿಸಿದ್ದು ತಡವಾಗಿ ತಲುಪುವಂತೆ ತೆಗೆದದ್ದೂ ತಡವಾಗಿಯೇ ತಲುಪುತ್ತದೆ. ಸೇರಿಸಿದ್ದು ತಡವಾದರೆ ಜನ ಫೋನ್ ಮಾಡುತ್ತಾರೆ. ತೆಗೆದದ್ದು ತಡವಾದರೆ ಯಾರೂ ಫೋನ್ ಮಾಡುವುದಿಲ್ಲ. ಎರಡು ವರ್ಷದ ಹಿಂದೆ ನಮ್ಮಲ್ಲಿ ಒಬ್ಬ ಸೂಪರ್‌ವೈಸರ್ ಬೇರೆ ಶಾಖೆಗೆ ಹೋದರು. ಬೆಳಿಗ್ಗೆಯೇ ಅವರನ್ನು ಬಿಲ್ ಗುಂಪಿನಿಂದ ತೆಗೆದೆ. ಸಂಜೆ ಅವರ ಹೆಸರಿನಲ್ಲಿ ಬಿಲ್ಲುಗಳು ಮುದ್ರಣವಾಗಿದ್ದವು. ವಿಚಾರಿಸಿದರೆ, ಅವರು ಸೈನ್ ಔಟ್ ಮಾಡದೆ ಹೊರಟಿದ್ದರು, ಪಕ್ಕದ ಮೇಜಿನವರು ಅದೇ ಕಿಟಕಿಯಲ್ಲಿ ಕೆಲಸ ಮುಂದುವರಿಸಿದ್ದರು. ಬಿಲ್ಲುಗಳೆಲ್ಲ ಸರಿಯಿದ್ದವು, ಯಾರ ಮನಸ್ಸಿನಲ್ಲೂ ಕಪಟ ಇರಲಿಲ್ಲ. ಕಪಟ ಇದ್ದಿದ್ದರೆ? ಜಗಳವಾಡಿ ಕೆಲಸ ಬಿಟ್ಟವರ ಹೆಸರನ್ನು ಪಟ್ಟಿಯಿಂದ ಅಳಿಸಿ ‘ಆಯ್ತು’ ಎಂದು ಕೂರುವ ಕಚೇರಿಗಳು ಎಷ್ಟಿಲ್ಲ! ಅಳಿಸಿದ ಮೇಲೆ ಅವರ ಖಾತೆ ನಿಲ್ಲಿಸಬೇಕು, ಪ್ರತಿಯೊಂದು ಸರ್ವರಿನಲ್ಲೂ ಅವರ ಹೆಸರಿನಲ್ಲಿ ತೆರೆದಿರುವ ಸೆಷನ್‌ಗಳನ್ನು ಹುಡುಕಿ ಮುಚ್ಚಬೇಕು, ಬೇರೆ ಊರಿನ ಸರ್ವರಿಗೆ ಸುದ್ದಿ ತಲುಪಿತೇ ಎಂದು ನೋಡಬೇಕು. ಸಹಕಾರ ಸಂಘ, ಆಸ್ಪತ್ರೆ, ಬ್ಯಾಂಕು, ಎಲ್ಲಿ ಬೇರೆಯವರ ದುಡ್ಡು, ಬೇರೆಯವರ ಗುಟ್ಟು ಇದೆಯೋ ಅಲ್ಲಿ ಇದು ಕಡ್ಡಾಯವಾಗಬೇಕು.

ಆ ಗುರುವಾರದ ನಂತರ ನಾನು ಮಾಡಿದ್ದನ್ನು ಬೇರೆ ಕಚೇರಿಯವರ ಉಪಯೋಗಕ್ಕೆ ಹೇಳುತ್ತೇನೆ. ಎರಡು ಊರಿನ ಪಟ್ಟಿಗಳ ನಡುವಿನ 180 ನಿಮಿಷವನ್ನು 15ಕ್ಕೆ ಇಳಿಸಿದೆ. ಶಾಖೆಯವರ ಗುಂಪು ಬದಲಿಸುವಾಗ ಹಾಸನದ ಸರ್ವರಿನಲ್ಲಿ ಬದಲಿಸುವುದನ್ನು ಬಿಟ್ಟೆ. ನಾನು ಕೂತಿರುವುದು ಹಾಸನದಲ್ಲೇ ಆದರೂ ಶಾಖೆಯ ಸರ್ವರನ್ನು ಆರಿಸಿಕೊಂಡು ಅದರ ಪಟ್ಟಿಯಲ್ಲೇ ಹೆಸರು ಸೇರಿಸುತ್ತೇನೆ, ಅಲ್ಲಿಯವರಿಗೆ ಚೀಟಿ ಬರೆಯುವುದು ಅದೇ ತಾನೆ. ಕಿಟಕಿ ಮುಚ್ಚಿ ಬಿಟ್ಟುಹೋದ ರಿಮೋಟ್ ಸೆಷನ್ 2 ಗಂಟೆಯ ನಂತರ ತಾನಾಗಿ ಮುಗಿಯುವಂತೆ ನಿಯಮ ಇಟ್ಟೆ. ಹಾಗೆ ಬಿಟ್ಟರೆ ಅದು ಎಷ್ಟು ದಿನವಾದರೂ ಉಳಿಯುತ್ತದೆ, ಮಿತಿಯನ್ನು ನಾವೇ ಹಾಕಬೇಕು. ಮೊದಲ ವಾರ ಉಳಿಸದ ಕೆಲಸ ಹೋಯಿತೆಂದು ಇಬ್ಬರು ಬೇಸರಪಟ್ಟರು. ಈಗ ಸಂಜೆ ಎಲ್ಲರೂ ಉಳಿಸಿ, ಸೈನ್ ಔಟ್ ಮಾಡಿ ಏಳುತ್ತಾರೆ. ಪ್ರತಿ ಮೇಜಿನ ಮೇಲೂ ಕನ್ನಡದಲ್ಲಿ ಬರೆದ ಒಂದು ಕಾರ್ಡು ಅಂಟಿಸಿದ್ದೇನೆ: ಹೊಸ ಫೋಲ್ಡರ್ ತೆರೆಯದಿದ್ದರೆ ಮೊದಲು ಎಡಗಡೆಯ ಕೆಳಗಿನ ಗುಂಡಿ, ನಿಮ್ಮ ಹೆಸರು, ಸೈನ್ ಔಟ್. ಆಮೇಲೂ ತೆರೆಯದಿದ್ದರೆ ನನಗೆ ಫೋನ್ ಮಾಡಿ. ಫೋನ್ ಬಂದರೆ ಅವರ ಮಾತು ನಿಜ ಎಂದು ಇಟ್ಟುಕೊಂಡೇ ನಾನು ಹುಡುಕಲು ಶುರುಮಾಡುತ್ತೇನೆ.

ಕಚೇರಿಗಳ ಮೇಲಿನವರಲ್ಲಿ ನನ್ನದೊಂದು ವಿನಂತಿ. ಒಬ್ಬರನ್ನು ಒಂದು ಸೆಕ್ಷನ್ನಿನಿಂದ ಇನ್ನೊಂದಕ್ಕೆ ಹಾಕುವುದಿದ್ದರೆ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಹಿಂದಿನ ದಿನವೇ ತಿಳಿಸಿ. ರಾತ್ರಿಯೊಳಗೆ ಪಟ್ಟಿಗಳು ಒಂದಾಗುತ್ತವೆ, ಬೆಳಿಗ್ಗೆ ಅವರು ಒಳಬಂದಾಗ ಹೊಸ ಚೀಟಿಯೇ ಸಿಗುತ್ತದೆ. ಜನ ಸಾಲುಗಟ್ಟಿ ನಿಂತ ಮೇಲೆ ಫೋನ್ ಮಾಡಿ ‘ಈಗಲೇ ಕೊಡಿ’ ಎಂದರೆ ಕೌಂಟರಿನಲ್ಲಿ ಕೂತ ಕಿರಿಯರು ಬೈಸಿಕೊಳ್ಳುತ್ತಾರೆ. ಕೆಲಸ ಬಿಟ್ಟವರ ಸುದ್ದಿಯಂತೂ ಅವರು ಗೇಟು ದಾಟುವ ಮೊದಲೇ ನಮಗೆ ಬರಬೇಕು.

ನಮ್ಮ ಜಿಲ್ಲೆಗಳ ಪಾಲಿಟೆಕ್ನಿಕ್, ಐಟಿಐಗಳಲ್ಲಿ ಪಾಠ ಮಾಡುವ ಮೇಷ್ಟ್ರುಗಳಿಗೂ ಒಂದು ಮಾತು. ಬಳಕೆದಾರರನ್ನು ಗುಂಪಿಗೆ ಸೇರಿಸುವುದು ಹೇಗೆ ಎಂದು ಪ್ರಯೋಗಾಲಯದಲ್ಲಿ ಹೇಳಿಕೊಡುತ್ತೀರಿ. ಡಿಪ್ಲೊಮಾ ಓದುವಾಗ ನಾನೂ ಕಲಿತದ್ದು ಅಷ್ಟನ್ನೇ. ಸೇರಿಸಿದ ಮೇಲೆ ಆ ಬದಲಾವಣೆ ಎಲ್ಲೆಲ್ಲಿ ಕಾಯುತ್ತದೆ ಎಂಬುದನ್ನೂ ಮಕ್ಕಳಿಗೆ ಮಾಡಿ ತೋರಿಸಿ: ಎರಡು ಸರ್ವರ್, ನಡುವೆ ಒಂದು ಕೇಬಲ್, ಅದನ್ನು ಕಿತ್ತು ಒಂದು ಹೆಸರು ಸೇರಿಸಿ, ಎರಡೂ ಕಡೆ ನೋಡಲು ಹೇಳಿ. ಒಂದು ತರಗತಿ ಸಾಕು. ಆ ಮಕ್ಕಳು ನಾಳೆ ನನ್ನಂತೆ ಯಾವುದೋ ಊರಿನಲ್ಲಿ ಒಬ್ಬರೇ ಕೂತು ಹತ್ತು ಸೆಕ್ಷನ್ನುಗಳ ಫೋನು ಎತ್ತುವವರು. ಕನ್ನಡದಲ್ಲಿ ಇವನ್ನೆಲ್ಲ ಬರೆದರೆ ಇನ್ನೂ ಒಳ್ಳೆಯದು. ‘ಆಕ್ಸೆಸ್ ಡಿನೈಡ್’ ಎಂದು ಕೆಂಪು ಗುರುತಿನ ಜೊತೆ ಬಂದಾಗ ತಾನೇ ಏನೋ ತಪ್ಪು ಮಾಡಿದೆ ಎಂದು ಹೆದರುವ ಹುಡುಗಿಯರು ನಮ್ಮ ಕಚೇರಿಗಳಲ್ಲಿ ಬಹಳ ಜನ ಇದ್ದಾರೆ.

ಆ ಮೆಮೊ ಹಿಂಪಡೆಯಬೇಕೆಂದು, ನಡೆದದ್ದನ್ನೆಲ್ಲ ದಿನ, ಗಂಟೆಯ ಸಮೇತ ನಾನು ನಮ್ಮ ಆಡಳಿತಕ್ಕೆ ಬರೆದುಕೊಟ್ಟಿದ್ದೇನೆ. ಅವಳು ಹೇಳಿದ್ದು ಮೂರು ದಿನವೂ ನಿಜವಾಗಿತ್ತು ಎಂದು ಅದರಲ್ಲಿದೆ. ಪತ್ರ ತಲುಪಿದೆ ಎಂದರು. ಮೆಮೊ ಇನ್ನೂ ಅವಳ ಫೈಲಿನಲ್ಲಿದೆ.

ಹೆಸರು ಪ್ರಕಟಿಸಬಾರದಾಗಿ ಕೋರಿಕೆ.

ಕಾಫಿ ಕ್ಯೂರಿಂಗ್ ಸಂಸ್ಥೆಯೊಂದರ ಸಿಸ್ಟಮ್ ನಿರ್ವಾಹಕಿ, ಹಾಸನ